ಗಾಜಿನ ಕೋಣೆಯ ಮಿಕ್ಸರ್

ಕೊರೋನ ಮುಗಿದ ಮರುವರ್ಷ ನಾನು ಮಸ್ಕತ್ತಿನ ಹೊರವಲಯದ ಒಂದು ಕಾರ್ಖಾನೆಗೆ ಕ್ವಾಲಿಟಿ ಮ್ಯಾನೇಜರ್ ಆಗಿ ಸೇರಿದೆ. ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಕೆಲಸ ಅದು. ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರಗಳ ಪಂಪುಗಳಿಗೆ ಅಲ್ಲಿ ಸ್ಲೀವ್ ತಯಾರಾಗುತ್ತಿತ್ತು. ಸ್ಲೀವ್ ಎಂದರೆ ತಿರುಗುವ ಶಾಫ್ಟಿಗೆ ತೊಡಿಸುವ ಬಳೆಯಂಥ ಕವಚ. ಉಪ್ಪುನೀರಿನ ಜೊತೆ ಬರುವ ಮರಳು ಬರಿಯ ಸ್ಟೇನ್‌ಲೆಸ್ ಸ್ಟೀಲನ್ನು ಬೇಗ ಸವೆಸುತ್ತದೆ. ಆದ್ದರಿಂದ ಸ್ಟೀಲಿನ ಪುಡಿಗೆ ಅಲ್ಯೂಮಿನ ಎಂಬ ಸೆರಾಮಿಕ್‌ನ ಬಹಳ ನಯವಾದ ಬಿಳಿ ಪುಡಿಯನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸ್ಟೀಲ್ ಕರಗದಷ್ಟೇ ಕಾಯಿಸಿ ಕಣಕ್ಕೆ ಕಣ ಬೆಸೆಯುತ್ತೇವೆ. ಇದೇ ಪೌಡರ್ ಮೆಟಲರ್ಜಿ. ಸೆರಾಮಿಕ್ ಕಣಗಳು ಎಲ್ಲ ಕಡೆ ಸಮನಾಗಿ ಹರಡಿದರೆ ಸ್ಟೀಲ್ ಗಟ್ಟಿಯಾಗುತ್ತದೆ. ಒಂದೇ ಕಡೆ ಗುಂಪುಗೂಡಿದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ.

ಕಾಲಿಟ್ಟ ದಿನವೇ ನನಗೆ ಹೇಸಿಗೆ ಹುಟ್ಟಿಸಿದ್ದು ಅಲ್ಲಿನ ಮಿಕ್ಸರ್. ಪುಡಿ ಬೆರೆಸುವ ಆ ಯಂತ್ರವನ್ನು ರಿಸೆಪ್ಶನ್ ಪಕ್ಕದ ಎ.ಸಿ. ಕೋಣೆಯಲ್ಲಿ, ಗಾಜಿನ ಗೋಡೆಯ ಹಿಂದೆ, ಮದುಮಗನ ಹಾಗೆ ಕೂರಿಸಿದ್ದರು. ಬಂದ ಅತಿಥಿಗಳೆಲ್ಲ ಕರಕ್ ಎಂಬ ಅಲ್ಲಿನ ಗಟ್ಟಿ ಚಹಾ ಹಿಡಿದು ಅದರೆದುರು ಫೋಟೊ ತೆಗೆಸಿಕೊಳ್ಳಬೇಕು. ಪುಡಿಯನ್ನು ಅಚ್ಚಿಗೆ ಒತ್ತುವ ಪ್ರೆಸ್ ಮಾತ್ರ ದೂರದ ಹಿಂದಿನ ಶೆಡ್ಡಿನಲ್ಲಿ. ನಡುವೆ ಗುಂಡಿಬಿದ್ದ ಮಣ್ಣುದಾರಿ. ಬೆರೆಸಿದ ಪುಡಿಯ ಡ್ರಮ್ಮುಗಳು ಪಿಕಪ್ಪಿನಲ್ಲಿ ಕುಲುಕುತ್ತ ಹೋಗುತ್ತಿದ್ದವು. ಪರೀಕ್ಷೆಗೆ ಸ್ಯಾಂಪಲ್ ತೆಗೆಯುತ್ತಿದ್ದುದು ಆ ಸವಾರಿಗೆ ಮುಂಚೆ, ಗಾಜಿನ ಕೋಣೆಯಲ್ಲೇ! ಹೀಗೆ ಮಾಡಬೇಡಿ ಎಂದು ಸೇರಿದ ವಾರವೇ ಹೇಳಿದೆ. ಫ್ಯಾಕ್ಟರಿ ಮ್ಯಾನೇಜರ್ ದಿನಕರ, ನಮ್ಮ ಪುತ್ತೂರಿನ ಕಡೆಯವನೇ, ನಕ್ಕುಬಿಟ್ಟ.

ಒಂದು ಬೆಳಿಗ್ಗೆ ಸ್ಥಾವರದಿಂದ ಫೋನ್ ಬಂತು. ಹೊಸ ಸ್ಲೀವ್ ಒಡೆದು ಪಂಪು ನಿಂತಿತ್ತು. ದಿನಕರ ಕೂತಲ್ಲೇ ಅಪರಾಧಿಯನ್ನು ಹಿಡಿದ: ಸ್ಥಾವರದಲ್ಲಿ ಅದನ್ನು ಜೋಡಿಸಿದ ಫಿಟ್ಟರ್ ಲತೀಫ್, ಉಪ್ಪಿನಂಗಡಿಯ ಬ್ಯಾರಿ ಮನೆಯವನು. ಸುತ್ತಿಗೆಯಿಂದ ಹೊಡೆದು ಕೂರಿಸಿದ್ದಾನೆ ಎಂದು ಆರೋಪ. ನನ್ನ ವರದಿ ಹೌದೆಂದರೆ ಅವನ ಕೆಲಸ ಹೋಗುತ್ತಿತ್ತು, ಅದರ ಹಿಂದೆಯೇ ವೀಸಾ ಕೂಡ.

ನಾನು ಸ್ಥಾವರಕ್ಕೆ ಹೋದಾಗ ಲತೀಫ್ ಒಡೆದ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟ. "ಸುತ್ತಿಗೆ ಮುಟ್ಲೇ ಇಲ್ಲ ಸರ್. ಕೈಯಲ್ಲೇ ಕೂರಿಸಿದ್ದು. ನಾನು ಹೇಳಿದ್ರೆ ಯಾರು ನಂಬ್ತಾರೆ?"

ಚೂರೊಂದನ್ನು ಕತ್ತರಿಸಿ, ಕನ್ನಡಿಯಂತೆ ಹೊಳಪು ಬರುವಷ್ಟು ಉಜ್ಜಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಏಟು ಬಿದ್ದಿದ್ದರೆ ಅಂಚು ಜಜ್ಜಿಹೋಗಿರಬೇಕಿತ್ತು, ಎಲ್ಲೂ ಹಾಗಾಗಿರಲಿಲ್ಲ. ಅಲ್ಯೂಮಿನ ಗಂಟುಗಟ್ಟಿ ಕೂತಿತ್ತು. ಬಿರುಕು ಒಂದು ಗಂಟಿನಿಂದ ಇನ್ನೊಂದಕ್ಕೆ ನೇರ ದಾರಿ ಮಾಡಿಕೊಂಡಿತ್ತು. ದಿನಕರನನ್ನು ಕರೆದು ತೋರಿಸಿದೆ. ಅವನು ಬಗ್ಗಿಯೂ ನೋಡಲಿಲ್ಲ.

"ಎಂತಕ್ಕೆ ಸರ್ ಇಷ್ಟು ತಲೆಬಿಸಿ? ಫಿಟ್ಟಿಂಗ್ ಡ್ಯಾಮೇಜ್ ಅಂತ ಬರ್ದು ಸೈನ್ ಹಾಕಿ. ಅವ ಕಾಂಟ್ರಾಕ್ಟಿನವ. ಊರಿಗೆ ಹೋಗ್ತಾನೆ, ಖಲಾಸ್."

ಹಿಂದಿನ ಶುಕ್ರವಾರವಷ್ಟೇ ಈ ಮಹಾಶಯ ಮಸ್ಕತ್ತಿನ ರೂವಿ ಬಡಾವಣೆಯ ಕನ್ನಡಿಗರ ಕೂಟದಲ್ಲಿ ಮೈಕು ಹಿಡಿದು, ಪರದೇಶದಲ್ಲಿ ನಮ್ಮವರಿಗೆ ನಾವೇ ಆಸರೆ ಎಂದು ಚಪ್ಪಾಳೆ ಗಿಟ್ಟಿಸಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅವನೆದುರು ಕೂತು ಚಹಾ ಕುಡಿಯಲೂ ನನಗೆ ಅಸಹ್ಯವಾಯಿತು.

ಸ್ಥಾವರದ ಒಮಾನಿ ಎಂಜಿನಿಯರ್ ಸಲೀಂ ವಿಚಾರಣೆಗೆ ಬಂದ ದಿನ, ಆಗಷ್ಟೇ ಬೆರೆಸಿದ ಪುಡಿಯನ್ನು ಒಂದು ಗಾಜಿನ ಬಾಟಲಿಗೆ ತುಂಬಿದೆ. ಅದನ್ನು ಪಿಕಪ್ಪಿನಲ್ಲಿ ಡ್ರಮ್ಮಿನ ಪಕ್ಕ ಕಟ್ಟಿ, ಸಲೀಂ ಜೊತೆ ಹತ್ತಿದೆ. ಡ್ರೈವರ್ ಕಾಣಲಿಲ್ಲ, ಸ್ಟೇರಿಂಗ್ ಹಿಡಿದದ್ದು ದಿನಕರನೇ. ಹೊರಟಾಗ ಬಾಟಲಿ ತುಂಬ ಒಂದೇ ಬೂದುಬಣ್ಣ. ಶೆಡ್ಡಿನಲ್ಲಿ ಇಳಿದು ನೋಡಿದರೆ ತಳ ಬೆಳ್ಳಗಾಗಿತ್ತು. ಚೂಡಾದ ಡಬ್ಬ ಅಲುಗಿಸಿದರೆ ನೆಲಗಡಲೆ ಮೇಲೆ ಉಳಿದು ಖಾರದಪುಡಿ ತಳ ಸೇರುವುದಿಲ್ಲವೇ, ಹಾಗೆ ನಯವಾದ ಅಲ್ಯೂಮಿನ ಸ್ಟೀಲಿನ ಕಣಗಳ ಸಂದಿಯಲ್ಲಿ ಕೆಳಗಿಳಿದಿತ್ತು. ಡ್ರಮ್ಮಿನ ತಳದಿಂದ ಒತ್ತಿದ ಸ್ಲೀವ್ ಒಡೆಯದೆ ಇನ್ನೇನಾದೀತು?

ಸಲೀಂ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ದಿನಕರ ನನ್ನ ಕಿವಿಯಲ್ಲಿ, "ನಮ್ಮ ಡ್ರೈವರ್ ಸರಿ ಇಲ್ಲ ಸರ್, ಯಾವಾಗ್ಲೂ ರಫ್ ಓಡಿಸ್ತಾನೆ," ಎಂದ. ಅಂದು ಗಾಡಿ ಓಡಿಸಿದವನು ತಾನೇ ಎಂಬುದೂ ಅವನಿಗೆ ನೆನಪಿರಲಿಲ್ಲ.

ವರದಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದೆ. ಲತೀಫನ ಕೆಲಸ ಉಳಿಯಿತು. ಅವನಿಗೆ ಯಾರೂ ಕ್ಷಮೆ ಕೇಳಲಿಲ್ಲ. ಪ್ರೆಸ್ಸಿನ ಪಕ್ಕ ಇನ್ನೊಂದು ಮಿಕ್ಸರ್ ಬಂತು. ಗಾಜಿನ ಕೋಣೆಯದು ಮಾತ್ರ ಅತಿಥಿಗಳು ಬಂದಾಗ ಖಾಲಿ ಹೊಟ್ಟೆಯಲ್ಲಿ ತಿರುಗುತ್ತಲೇ ಇತ್ತು, ಫೋಟೊಗೆ. ವಸ್ತು ಎಲ್ಲಿ ಕೆಲಸಕ್ಕೆ ಬೀಳುತ್ತದೋ ಅಲ್ಲಿಂದ ಸ್ಯಾಂಪಲ್ ತೆಗೆಯಬೇಕು. ಚೆಂದ ಕಾಣುವ ಜಾಗದಿಂದ ತೆಗೆದದ್ದು ಆ ಜಾಗದ ಚೆಂದವನ್ನಷ್ಟೇ ಹೇಳುತ್ತದೆ. ಮನುಷ್ಯರ ವಿಷಯದಲ್ಲೂ ವೃತ್ತಿ ನನಗೆ ಕಲಿಸಿದ್ದು ಇದನ್ನೇ.

ಕೆಲವು ವಾರಗಳ ನಂತರ ಲತೀಫ್ ಫೋನ್ ಮಾಡಿದ. "ಸರ್, ನಿಮ್ಮ ಹೊಸ ಸ್ಲೀವ್ ಬಂದಿದೆ. ಕೈಯಲ್ಲಿ ಹಿಡ್ಕೊಂಡಿದ್ದೇನೆ. ಹಾಕ್ಲಿಕ್ಕೆ ಹೆದ್ರಿಕೆ ಆಗ್ತದೆ. ಹಾಕ್ಬಹುದಾ?"

ಆ ಸಲ ಪ್ರೆಸ್ಸಿನ ಬಾಯಿಂದ ನಾನೇ ಸ್ಯಾಂಪಲ್ ತೆಗೆದಿದ್ದೆ.

"ಹಾಕು," ಎಂದೆ.