ಮಾವ ಸೇದದ ಬೀಡಿ

ನನ್ನ ಸೋದರಮಾವನ ಬಲಗೈಯ ಎರಡು ಬೆರಳು ಅರಿಶಿನ ಅರೆದವರ ಬೆರಳಿನಂತೆ ಹಳದಿಗಟ್ಟಿದ್ದವು. ರೇಷ್ಮೆಹುಳ ಮನೆಗೆ ಬಂದ ದಿನದಿಂದ ಆ ಹಳದಿ ನಿಧಾನವಾಗಿ ಮಾಸುತ್ತಿತ್ತು. ಹೊಗೆಸೊಪ್ಪು ಸೋಕಿದ ಎಲೆ ತಿಂದರೆ ಹುಳ ತಲೆಯೆತ್ತಿ, ಹಸಿರು ಕಕ್ಕಿ ಸಾಯುತ್ತದೆ. ಅದಕ್ಕೇ ಗೂಡು ಬಿಡಿಸುವವರೆಗೆ ಮಾವ ಬೀಡಿ ಮುಟ್ಟುತ್ತಿರಲಿಲ್ಲ. ಗೂಡು ಮಾರಿದ ದಿನ ಮಾತ್ರ ಮಾರುಕಟ್ಟೆಯ ಗೇಟು ದಾಟುವ ಮುಂಚೆಯೇ ಒಂದು ಕಟ್ಟು ಬಿಚ್ಚುತ್ತಿದ್ದರು.

ಮರಳವಾಡಿ ಹತ್ತಿರದ ಅವರ ಮನೆಯಲ್ಲಿದ್ದುಕೊಂಡೇ ನಾನು ಕನಕಪುರದಲ್ಲಿ ಡಿಗ್ರಿ ಓದಿದ್ದು. ಇವತ್ತು ರಾಮನಗರದಲ್ಲಿ ಗೂಡು ಕೊಂಡು ನೂಲು ತೆಗೆಸುತ್ತೇನೆ, ನಾಲ್ಕು ಜನ ನನ್ನ ಹತ್ತಿರ ಬುದ್ಧಿ ಕೇಳಲು ಬರುತ್ತಾರೆ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುವುದನ್ನು ಕಲಿಸಿದವರು ಮಾವ. "ಯಾಪಾರದಲ್ಲಿ ಮೊದ್ಲು ನೀನು ಬಾಯ್ ಬುಡಬ್ಯಾಡ ಕಣ್ಲಾ, ಅವ್ನೇ ಹೇಳ್ಲಿ" ಅನ್ನುತ್ತಿದ್ದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಅವರ ಕೆಮ್ಮು ಜೋರಾಯಿತು. ಡಾಕ್ಟರು ಎಕ್ಸರೇ ನೋಡಿ, ಬೀಡಿ ಬಿಡದಿದ್ದರೆ ಕಷ್ಟ ಎಂದರು. ಹೇಗೂ ಹುಳ ಮನೆಯಲ್ಲಿತ್ತು.

"ಈ ಬೆಳೆ ಮುಗುದ್ಮೇಲೂ ಸೇದಾಕಿಲ್ಲ ಕಣೆ" ಎಂದರು ಅತ್ತೆಗೆ.

"ಆಗ್ಲಿ, ಮಾರ್ಕೆಟ್ ಗೇಟ್ ತಾವ್ಕೆ ನಾನೂ ಬತ್ತೀನಿ, ನೋಡಾನ."

ಇಬ್ಬರೂ ನಕ್ಕರು. ಮಾವ ಇಪ್ಪತ್ತು ದಿನ ತಡೆದುಕೊಂಡರು.

ಆಗ ನಾನು ಕಾಲೇಜಿನಲ್ಲಿ ಸಿಗರೇಟು ಕಲಿತಿದ್ದೆ. ಒಂದು ಮಧ್ಯಾಹ್ನ ಹಿಪ್ಪುನೇರಳೆ ಸೊಪ್ಪಿನ ಕೋಣೆಯಲ್ಲಿ ಕದ್ದು ಸೇದುತ್ತಿದ್ದಾಗ ಹೊರಗೆ ಅತ್ತೆಯ ದನಿ ಕೇಳಿತು. ಗಾಬರಿಯಲ್ಲಿ ಸಿಗರೇಟನ್ನು ಸೊಪ್ಪಿನ ರಾಶಿಗೇ ಒತ್ತಿ ಆರಿಸಿದೆ. ಮೋಟನ್ನು ಜೇಬಿಗೆ ಹಾಕಿಕೊಂಡೆ. ಉದುರಿದ ಹೊಗೆಸೊಪ್ಪಿನ ಪುಡಿ ರಾಶಿಯಲ್ಲೇ ಉಳಿಯಿತು. ಸಂಜೆ ಅದೇ ಸೊಪ್ಪು ಹುಳಕ್ಕೆ ಹೋಯಿತು.

ಬೆಳಗಾಗುವಷ್ಟರಲ್ಲಿ ಕೆಳಗಿನ ಎರಡು ಸಾಲು ತಟ್ಟೆಗಳ ಹುಳ ಹಸಿರು ಕಕ್ಕಿಕೊಂಡು ಬಿದ್ದಿದ್ದವು.

"ಇಷ್ಟ್ ದಿನ ತಡ್ಕಂಡು ಕೊನೇಲಿ ಸೇದ್ಬುಟ್ರಾ?" ಎಂದರು ಅತ್ತೆ.

"ಕಬ್ಬಾಳಮ್ಮನಾಣೆ, ಮುಟ್ಟಿಲ್ಲ ಕಣೆ."

"ದೇವ್ರನ್ನೂ ಬುಡ್ಲಿಲ್ವಲ್ಲ ನೀವು."

ಮಾವ ನನ್ನ ಕಡೆ ತಿರುಗಿದರು. "ನೀನಾರ ಹೇಳ್ಲಾ. ನಾನು ಸೇದಿದ್ದ ಕಂಡಿದ್ದೀಯಾ?"

"ನಾನು ಮನೇಲಿರ್ಲಿಲ್ಲ ಮಾವ" ಎಂದೆ.

ಅವರೇ ಕಲಿಸಿದ ಹಾಗೆ ಬಾಯಿ ಬಿಡದೆ ಉಳಿದೆ. ಆ ದಿನವೇ ಹೇಳಿದ್ದರೆ ಎರಡು ಏಟು ಬಿದ್ದು ಮುಗಿಯುತ್ತಿತ್ತು. ಹುಡುಗರಿಗೆ ಈಗ ಇದನ್ನೇ ಹೇಳುತ್ತೇನೆ, ಆದರೆ ಯಾಕೆ ಹೇಳುತ್ತೇನೆಂದು ಹೇಳುವುದಿಲ್ಲ.

ಅವತ್ತು ಸಂಜೆ ಮಾವ ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಬೀಡಿ ಹಚ್ಚಿದರು. "ಸೇದ್ದೆ ಇದ್ರೂ ಕಳ್ಳ. ಇನ್ಯಾಕ್ಲಾ ತಡ್ಕಳದು?" ಆಮೇಲೆ ಬಿಡುವ ಮಾತನ್ನೇ ಎತ್ತಲಿಲ್ಲ. ನಾನು ಭಯಕ್ಕೆ ಸಿಗರೇಟು ಬಿಟ್ಟೆ, ಅವರು ರೋಸಿಹೋಗಿ ಬೀಡಿ ಹಿಡಿದರು. ಕೊನೆಕೊನೆಗೆ ಹಿಪ್ಪುನೇರಳೆ ತೋಟದ ತನಕ ನಡೆಯಲೂ ಎರಡು ಕಡೆ ಕೂರಬೇಕಾಗಿತ್ತು. ಹೋದ ವರ್ಷ ಉಸಿರು ಸಾಲದೆ ತೀರಿಕೊಂಡರು.

ಹನ್ನೊಂದನೇ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುತ್ತಾರೆ. ಅತ್ತೆ ನನ್ನನ್ನೇ ಕರೆದು "ಒಂದ್ ಕಟ್ಟು ಬೀಡಿ ತಂದ್ಬುಡಪ್ಪ" ಎಂದರು. ಅಂಗಡಿಯವರೆಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ.

ಅತ್ತೆ, "ಉಸ್ರು ಕಟ್ಟಿದಾಗ್ಲೂ, ಸೇದಿ ತಂದ್ಕಂಡ್ರಿ ಅನುಬವ್ಸಿ ಅಂತ ಅಂದಿದ್ದೆ ಕಣಪ್ಪ" ಎಂದರು. ಆಮೇಲೆ ಹೊರಗೆ ಬಂದು, ಊಟಕ್ಕೆ ಕೂತಿದ್ದ ನೆಂಟರ ಸಾಲಿನ ಮುಂದೆ ನಿಂತರು.

"ಅವತ್ತು ಹುಳ ಸತ್ತಾಗ ನಮ್ಮನೆಯೋರು ಸೇದಿರ್ಲಿಲ್ಲ ಕಣ್ರಪ್ಪ."

"ಮತ್ತಿನ್ಯಾರಮ್ಮ ಸೇದಿದ್ದು?" ಯಾರೋ ಕೇಳಿದರು.

ಅತ್ತೆ ನನ್ನ ಕಡೆ ನೋಡಲೂ ಇಲ್ಲ, ಹೆಸರು ಹೇಳಲೂ ಇಲ್ಲ. ನಾನೇ ಬಡಿಸಲು ಹಿಡಿದಿದ್ದ ಸಾರಿನ ಬಕೆಟ್ಟು ಕೆಳಗಿಟ್ಟು "ನಾನು" ಎಂದೆ.