ಬೆಟ್ಟಮ್ಮನ ಅಣ್ಣೆ ಹೂ

ಕೊರವಂಗಲದ ಕೇರಿಯ ಬೆಟ್ಟಮ್ಮ ಎಂದರೆ ಸುಮ್ಮನೆಯೇ? ಕಳೆ ಕೀಳುತ್ತಲೇ ಪದ ಕಟ್ಟುವವಳು, ಎದುರಾಡಿದವರ ಬಾಯಿಗೆ ಅಲ್ಲೇ ಬೀಗ ಹಾಕುವವಳು! ಒಂದೇ ಒಂದು ಬಾಗಿಲ ಮುಂದೆ ಮಾತ್ರ ಅವಳ ಬಾಯಿ ಕಟ್ಟುತ್ತಿತ್ತು. ದೀಪಾವಳಿಗೆ ಹೊಸಲ ಬಳಿ ಇಡುವ ಸಗಣಿ ಉಂಡೆಗೆ ಸಿಕ್ಕಿಸಲು ಪಟೇಲ ಈಶ್ವರಯ್ಯನವರ ಮನೆಗೆ ಹೊಲದ ಬದುವಿನ ಅಣ್ಣೆ ಹೂ, ತಂಗಡಿ ಹೂ ಕೊಡುವವಳು ಅವಳೇ. ಮೆಟ್ಟಿಲ ಕೆಳಗೆ ನೆಲದ ಮೇಲಿಟ್ಟು ದೂರ ಸರಿಯಬೇಕು. ಪಟೇಲರ ಹೆಂಡತಿ ಕಮಲಾಕ್ಷಮ್ಮ ಮೈಲಿಗೆ ಕಳೆಯಲೆಂದು ನೀರು ಚಿಮುಕಿಸಿ, ಆಮೇಲೆ ಎತ್ತಿಕೊಳ್ಳುತ್ತಿದ್ದರು. ಬೆಟ್ಟಮ್ಮನ ಅವ್ವನೂ ಹಾಗೇ ಇಟ್ಟು ಸರಿದವಳು.

ಅರವತ್ತೊಂದನೇ ಇಸವಿಯಲ್ಲಿ ಹಾಸನದಲ್ಲಿ ಕಾಡುಹೂಗಳ ಪ್ರದರ್ಶನ ಏರ್ಪಾಡಾಯಿತು. ಯಾರು ಬೇಕಾದರೂ ತಮ್ಮೂರಿನ ಹೂ ತಂದು ಮೇಜಿನ ಮೇಲಿಡಬಹುದು ಎಂದು ಊರಲ್ಲಿ ತಮಟೆ ಹೊಡೆದು ಸಾರಿದವನು ಅವಳ ಗಂಡ ಕೆಂಚಯ್ಯನೇ.

"ಸಾರೋದು ನನ್ ಕೆಲ್ಸ ಕಣಮ್ಮಿ. ಅದ್ನ ನಿಜ ಅಂದ್ಕಂಡು ನಮ್ ಕೇರೀಲಿ ಓಗೋರು ಅವ್ರಾ?" ಎಂದ.

"ನಾನಿಲ್ವಾ? ಈ ಸಲ ನನ್ ಕೈಯಾರೆ ಮೇಜಿನ್ ಮ್ಯಾಲೇ ಮಡುಗ್ತೀನಿ, ನೋಡ್ತಿರು."

ಮಣ್ಣಿನ ಕುಡಿಕೆಯಲ್ಲಿ ಅಣ್ಣೆ, ತಂಗಡಿ, ತುಂಬೆ ಜೋಡಿಸಿ ತಲೆಯ ಮೇಲಿಟ್ಟುಕೊಂಡು ಹೊರಟಳು. ಕೆಂಚಯ್ಯ ಗೊಣಗುತ್ತ ಹಿಂದೆ ಬಂದ.

ಚಪ್ಪರದೊಳಗೆ ಜನವೋ ಜನ! ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಎಕ್ಕ, ಉಮ್ಮತ್ತಿ, ಬದುವಿನ ಹೆಸರಿಲ್ಲದ ನೀಲಿ ಹೂಗಳು. ದನ ತುಳಿಯುವ ಹೂಗಳಿಗೆ ಇಲ್ಲಿ ಗಾಜಿನ ಲೋಟ! ಬೆಟ್ಟಮ್ಮನಿಗೆ ನಗು ಬಂತು. ಕೊರವಂಗಲದ ಮೇಜಿನ ಹಿಂದೆ ಕೂತವರನ್ನು ಕಂಡೊಡನೆ ಆ ನಗು ಇಂಗಿತು. ಪಟೇಲರು, ಪಕ್ಕದಲ್ಲಿ ಕಮಲಾಕ್ಷಮ್ಮ.

"ಏನಮ್ಮಿ ಬೆಟ್ಟಿ, ಇಲ್ಗೂ ಬಂದ್ಬುಟ್ಟಾ? ಅಲ್ಲೇ ಕೆಳಗ್ ಮಡುಗು. ನಾವ್ ಎತ್ತಿಟ್ಕತೀವಿ" ಎಂದರು ಪಟೇಲರು.

"ಇಟ್ಬುಡಮ್ಮಿ," ಕೆಂಚಯ್ಯ ಪಿಸುಗುಟ್ಟಿದ.

ಅಭ್ಯಾಸಬಲದಿಂದ ಅವಳ ಮೊಣಕಾಲು ಬಾಗಿಯೇಬಿಟ್ಟಿತು. ತಲೆಯಿಂದಿಳಿಸಿದ ಕುಡಿಕೆ ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ತಟ್ಟನೆ ನೆಟ್ಟಗಾದಳು.

"ಇಲ್ಲ ಬುದ್ದಿ. ಎಲ್ರೂ ಮೇಜಿನ್ ಮ್ಯಾಲೇ ಇಟ್ಟವ್ರೆ. ನಾನೂ ಅಲ್ಲೇ ಇಡೋದು."

ಮೇಜಿನ ನಟ್ಟನಡುವೆ ದಡ್ಡನೆ ಇಟ್ಟಳು. ಕಮಲಾಕ್ಷಮ್ಮ ತುಟಿ ಬಿಗಿದು, ಪಕ್ಕದ ಚೊಂಬಿಗೆ ಕೈಯದ್ದಿ ಕುಡಿಕೆಯ ಮೇಲೆ ನೀರು ಚಿಮುಕಿಸಿದರು. ಸುತ್ತ ನಿಂತವರು ತಿರುಗಿ ನೋಡಿದರು.

"ಇನ್ನೊಸಿ ಉಯ್ರವ್ವಾ!" ಬೆಟ್ಟಮ್ಮ ಚಪ್ಪರಕ್ಕೆಲ್ಲ ಕೇಳುವಂತೆ ಅಂದಳು. "ಸಂಜೆಗಂಟ ಬಾಡಬಾರ್ದು. ಇದೂ ಇಲ್ಲಿಂದ ಅಲ್ಲಾಡಾಕಿಲ್ಲ, ನಾನೂ ಅಲ್ಲಾಡಾಕಿಲ್ಲ!"

ಯಾರೋ ಕಿಸಕ್ಕೆಂದರು. ಆಮೇಲೆ ನಗು ತಡೆಯುವವರೇ ಇಲ್ಲ. ಪಟೇಲರು ಎದ್ದು ಬೇರೆ ಹೂ ನೋಡಲು ಹೋದರು. ಬೆಟ್ಟಮ್ಮ ಹೇಳಿದಂತೆಯೇ ಸಂಜೆಯವರೆಗೆ ಮೇಜು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಂಚಯ್ಯನಿಗೂ ಹುರುಪು ಬಂದು, ತಮಟೆ ಹೊಡೆಯುವ ದಿನದ ಗಂಟಲಲ್ಲೇ ಕೂಗಿದ: "ಬನ್ರಪ್ಪೋ, ಕೊರವಂಗಲದ್ ಹೂವು! ನನ್ ಎಂಡ್ರು ತಂದಿರೋದು!"

ಮುಂದಿನ ದೀಪಾವಳಿಗೆ ಪಟೇಲರ ಮನೆಯಿಂದ ಹೂವಿಗೆ ಹೇಳಿಕಳಿಸಿದರು.

"ಬೇಕಾದ್ರೆ ಬರ್ಲಿ, ಕೈಗೇ ಕೊಡ್ತೀನಿ," ಅಂದಳು ಬೆಟ್ಟಮ್ಮ.

ಯಾರೂ ಬರಲಿಲ್ಲ. ಆ ವರ್ಷ ಪಟೇಲರ ಹೊಸಲಿನ ಉಂಡೆಗಳಿಗೆ ಚೆಂಡು ಹೂ ಸಿಕ್ಕಿಸಿದ್ದರು. ಅಣ್ಣೆ ಹೂ ಇದ್ದದ್ದು ಬೆಟ್ಟಮ್ಮನ ಹೊಸಲಿನಲ್ಲಿ.