ಸೇಡಂ ಪುಟ ಮೊದಲು ಬಂದ ದಿನ

ಮೊನ್ನೆ ದಿಲ್‌ಸುಖ್‌ನಗರದ ಮೆಟ್ರೋದಲ್ಲಿ ಒಬ್ಬಾಕೆ ಫೋನಿನಲ್ಲಿ, "ಎಲ್ಲಿ ನಿಂದರಬೇಕು, ಸರಿಯಾಗಿ ಹೇಳ್ರಿ," ಎನ್ನುತ್ತಿದ್ದಳು. ನನ್ನನ್ನೇ ಕೇಳಿದಳೇನೋ ಎಂಬಂತೆ ನಾನು ಎದ್ದು ನಿಂತೆ. ನೀವು ನಗಬಹುದು. ಅದಕ್ಕೊಂದು ಹಳೆಯ ಕಾರಣವಿದೆ.

ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರ್ ಕೆಲಸದ ಗುಂಗಿನಲ್ಲಿದ್ದ ಕಾಲ. ಡಯಾಲಿಸಿಸ್‌ಗೆ ಸಮಯ ಗೊತ್ತುಮಾಡಿಕೊಡುವ ಒಂದು ವೆಬ್‌ಸೈಟಿನಲ್ಲಿ ನಾನು ಕನ್ನಡ ನೋಡಿಕೊಳ್ಳುತ್ತಿದ್ದೆ. ಜನ ತಮ್ಮ ಊರಿನ ಹೆಸರು ಹಾಕಿ ಹುಡುಕುತ್ತಾರೆ, ಆದ್ದರಿಂದ ಊರಿಗೊಂದು ಪುಟವಿರಲಿ ಎಂಬುದು ನಮ್ಮ ಮೇಲಧಿಕಾರಿ ಶ್ರೀಕಾಂತರ ಲೆಕ್ಕ. ಕಲಬುರಗಿಯ ಪುಟ ನಾನು ಬರೆದೆ. ಉಳಿದ ಊರುಗಳದ್ದನ್ನು ಯಂತ್ರವೇ ಹೆಸರು ಬದಲಿಸಿ ಹುಟ್ಟಿಸಿತು. ಹೆಸರಿನ ಕಾಗುಣಿತ ನೋಡುವುದಷ್ಟೇ ನನ್ನ ಪಾಲಿನದು. ಅದರಲ್ಲಿ ನಾನು ಮಹಾ ನಿಷ್ಠುರ.

ಹುಡುಕಿದವರಿಗೆ ಸೇಡಂ ಪುಟ ಎಲ್ಲಕ್ಕಿಂತ ಮೇಲೆ ಕಾಣತೊಡಗಿದ ದಿನ ಶ್ರೀಕಾಂತರು ಮಿಠಾಯಿ ತಂದರು. "ಚೂಶಾರಾ, ಸೇಡಂ ಫಸ್ಟ್ ವಚ್ಚಿಂದಿ," ಎಂದು ತೆಲುಗಿನಲ್ಲಿ ಸೇಡಂ ಮೊದಲು ಬಂದದ್ದನ್ನು ಸಾರುತ್ತ ಪೆಟ್ಟಿಗೆ ಚಾಚುವಾಗಲೇ ಫೋನ್ ಬಂತು. ಕನ್ನಡದವನು ನಾನೊಬ್ಬನೇ, ಎತ್ತಿದೆ. ಒಬ್ಬ ಹೆಂಗಸಿನ ದನಿ.

"ಸೇಡಂ ಬಸ್ ಸ್ಟ್ಯಾಂಡಿನ ಎದುರಿಗೆ ನಿಂತೀವ್ರಿ. ಇಲ್ಲಿ ಚಪ್ಪಲ್ ಅಂಗಡಿ ಐತಿ, ಕಿರಾಣಿ ಐತಿ. ನಿಮ್ಮ ದವಾಖಾನಿ ಎಲ್ಲೈತ್ರಿ? ನಮ್ಮ ಮನಿಯವರಿಗೆ ದಮ್ಮು ಹತ್ತೈತಿ."

ಬಸ್ ಸ್ಟ್ಯಾಂಡಿನ ಎದುರಿಗಿದ್ದದ್ದು ಕಲಬುರಗಿಯ ಕೇಂದ್ರ. ನಾನು ಬರೆದ ಆ ಸಾಲು ಹಾಗೆಯೇ ಎಲ್ಲ ಊರುಗಳ ಪುಟಕ್ಕೂ ಹೋಗಿತ್ತು. ಸೇಡಂನಲ್ಲಿ ನಮ್ಮದೇನೂ ಇರಲಿಲ್ಲ. ಹೇಳಿದೆ.

"ಮತ್ತ ಯಾಕ ಬರದೀರಿ?"

ಅವಳೇ ಮುಂದುವರಿದಳು. "ಇರಲಿ, ಕಲಬುರಗಿ ಬಸ್ ನಿಂತೈತಿ, ಹತ್ತತೀವಿ."

"ಆಂಬುಲೆನ್ಸ್ ಕರೀಲೇನ್ರಿ?"

"ಅದು ಬರೋದ್ರಾಗ ನಾವ ಮುಟ್ಟತೀವಿ. ಮಿಷನ್ ಖಾಲಿ ಇಡಸ್ರಿ, ಅಣ್ಣಾರ."

ಕಲಬುರಗಿಯ ಕೇಂದ್ರಕ್ಕೆ ಫೋನ್ ಮಾಡಿ ಒಂದು ಡಯಾಲಿಸಿಸ್ ಮಿಷನ್ ಕಾಯ್ದಿರಿಸಿದೆ. ಆಮೇಲೆ ಮಾಡಲು ಏನೂ ಇರಲಿಲ್ಲ. ಗೋಡೆಯ ಪರದೆಯ ಮೇಲೆ ಸೇಡಂ ಪುಟ ನೋಡಿದವರ ಲೆಕ್ಕದ ಗೆರೆ ಏರುತ್ತಲೇ ಇತ್ತು. ಅದರಲ್ಲಿ ಅವಳೂ ಒಬ್ಬಳು ಎಂದು ನೆನೆದು ಮಿಠಾಯಿ ಪೆಟ್ಟಿಗೆಯನ್ನು ಮುಚ್ಚಿಟ್ಟೆ.

ಸಂಜೆಯ ಹೊತ್ತಿಗೆ ಅವಳ ಫೋನ್ ಬಂತು. "ಮಿಷನ್ ಹಚ್ಚ್ಯಾರ್ರಿ. ಕಣ್ಣು ಮುಚ್ಚಿ ಮಲಗ್ಯಾರ."

ನಾನು ಫೋನ್ ಇಡಲು ಹೋದೆ. ಅವಳಿನ್ನೂ ಮಾತಾಡುತ್ತಿದ್ದಳು. "ಸೇಡಂನಾಗ ಯಾವಾಗ ತೆಗೀತೀರಿ? ಮೊದಲ ಬರದು ಇಟ್ಟೀರಲ್ಲ."

ಅದನ್ನು ಶ್ರೀಕಾಂತರಿಗೆ ಹೇಳಿದೆ. ಅವರು ಬಸ್ ಸ್ಟ್ಯಾಂಡಿನ ಸಾಲನ್ನು ಮಾತ್ರ ಅಳಿಸಿದರು. ಪುಟ ಉಳಿಯಿತು.

ಮೊನ್ನೆ ಮೆಟ್ರೋ ಇಳಿದವನೇ ಕಂಬಕ್ಕೆ ಒರಗಿ ನಿಂತು, ಸೇಡಂ ಡಯಾಲಿಸಿಸ್ ಎಂದು ಹಾಕಿ ಹುಡುಕಿದೆ. ಬೇರೆ ಯಾರದೋ ಪುಟ ಬಂತು. ಅದರಲ್ಲಿದ್ದ ನಂಬರಿಗೆ ಹಚ್ಚಿ, ಸೇಡಂನಾಗ ಕೇಂದ್ರ ಐತೇನ್ರಿ ಎಂದು ಕೇಳಿದೆ. ಒಬ್ಬಾತ ಎತ್ತಿ, "ಐತ್ರಿ, ಬರ್ರಿ," ಎಂದ.

"ಹೆಂಗ ಬರಬೇಕ್ರಿ?"

ಎಡಕ್ಕೆ ಹೊರಳಿ, ನೀರಿನ ಟಾಕಿ ದಾಟಿ ಎಂದು ಆತ ನಿಧಾನವಾಗಿ ಹೇಳತೊಡಗಿದ. ನಾನು ಹೋಗುವವನಲ್ಲ. ಆದರೂ ಆತ ಮಾತಿನಲ್ಲೇ ಕೇಂದ್ರದ ಬಾಗಿಲು ಮುಟ್ಟಿಸುವವರೆಗೆ ನಾನು ಫೋನ್ ಇಡಲಿಲ್ಲ.